ಕಾಡಂಚಿನಲ್ಲಿ ಒಂದು ರಾತ್ರಿ: ಕಬಿನಿಯೋ, ಬಂಡೀಪುರವೋ, ಬಿಳಿಗಿರಿಯೋ, ಭದ್ರಾವೋ?

ಕಾಡಿನಲ್ಲಿ ಒಂದು ರಾತ್ರಿ ಉಳಿದರೆ ರಾತ್ರಿಯಿಡೀ ಪ್ರಾಣಿ ನೋಡಬಹುದು ಎಂದುಕೊಂಡು ಬುಕ್ ಮಾಡುವವರು ಈಗಲೂ ಇದ್ದಾರೆ. ನಮ್ಮ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ರಾತ್ರಿ ಸಫಾರಿ ಇಲ್ಲ. ಮಚಾನಿನ ಮೇಲೆ ಕೂತು ಬೆಳಗು ಮಾಡುವ ಅವಕಾಶವೂ ಸಾಮಾನ್ಯ ಪ್ರವಾಸಿಗೆ ಸಿಗುವುದಿಲ್ಲ. ಕತ್ತಲಾದ ಮೇಲೆ ಕೋಣೆಯಿಂದ ಊಟದ ಜಾಗಕ್ಕೆ ಹೋಗುವಾಗಲೂ ಹಲವು ಕಡೆ ಟಾರ್ಚ್ ಹಿಡಿದ ಸಿಬ್ಬಂದಿ ಜೊತೆಗೆ ಬರುತ್ತಾರೆ. ಹಾಗಿದ್ದರೆ ಉಳಿಯುವುದು ಯಾಕೆ? ಸಂಜೆಯ ಸಫಾರಿ ಮುಗಿಸಿ, ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಮತ್ತೆ ಗೇಟಿನ ಮುಂದೆ ಇರುವುದಕ್ಕೆ. ಬೆಂಗಳೂರಿನಿಂದ ಹೊರಟು ಅದೇ ದಿನ ಬೆಳಗಿನ ಸಫಾರಿ ಹಿಡಿಯಬೇಕಾದರೆ ರಾತ್ರಿ ಒಂದು ಗಂಟೆಗೆ ಮನೆ ಬಿಡಬೇಕು.

ಆದ್ದರಿಂದ ಆಯ್ಕೆ ಮಾಡುವಾಗ ಕೋಣೆಯ ಫೋಟೋ, ಈಜುಕೊಳ, ಮೆನು ಎಲ್ಲ ಎರಡನೆಯದು. ನೀವು ದುಡ್ಡು ಕೊಡುತ್ತಿರುವುದು ಸಫಾರಿಯ ಸೀಟಿಗೆ. ಎಷ್ಟು ಸೀಟು, ಯಾವ ವಾಹನ, ಯಾವ ಗೇಟು, ಯಾವ ತಿಂಗಳು: ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಜಾಗ ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ಕೇಳಬೇಕಾದ್ದು: ಸಫಾರಿ ಸೇರಿದೆಯಾ?

ಉಳಿಯುವುದಕ್ಕೆ ಮೂರು ಬಗೆಯ ವ್ಯವಸ್ಥೆ ಇದೆ. ಒಂದು, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್. ಎಲ್ಲರೂ ಜೆಎಲ್ಆರ್ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಎರಡು, ಅರಣ್ಯ ಇಲಾಖೆಯ ಅತಿಥಿಗೃಹ ಮತ್ತು ಕಾಟೇಜುಗಳು. ಮೂರು, ಖಾಸಗಿ ರೆಸಾರ್ಟ್ ಮತ್ತು ಹೋಮ್‌ಸ್ಟೇ.

ಜೆಎಲ್ಆರ್ ದರ ತಲೆಗೆ ಇಷ್ಟು ಎಂದು ಇರುತ್ತದೆ. ಅದರಲ್ಲಿ ವಸತಿ, ಮಧ್ಯಾಹ್ನದಿಂದ ಮರುದಿನ ತಿಂಡಿಯವರೆಗಿನ ಊಟ, ಸಂಜೆ ಒಂದು ಮತ್ತು ಬೆಳಿಗ್ಗೆ ಒಂದು ಸಫಾರಿ, ಜೊತೆಗೆ ಬಂದು ಕಾಡು, ಪ್ರಾಣಿಗಳ ಬಗ್ಗೆ ವಿವರಿಸುವ ನ್ಯಾಚುರಲಿಸ್ಟ್ ಎಲ್ಲ ಸೇರಿರುತ್ತದೆ. ಮೊದಲ ನೋಟಕ್ಕೆ ಈ ಮೊತ್ತ ದುಬಾರಿ ಅನ್ನಿಸುತ್ತದೆ. ಖಾಸಗಿ ರೆಸಾರ್ಟಿನ ದರ ಕೋಣೆಗೆ ಇಷ್ಟು ಎಂದು ಇರುತ್ತದೆ, ಬಹಳ ಸಲ ಬೆಳಗಿನ ತಿಂಡಿ ಮಾತ್ರ ಸೇರಿರುತ್ತದೆ. ನಾಲ್ವರ ಕುಟುಂಬಕ್ಕೆ ಹೋಲಿಸುವಾಗ ಖಾಸಗಿ ಕೋಣೆಯ ಬಾಡಿಗೆಗೆ ಮೂರು ಹೊತ್ತಿನ ಊಟ, ತೆರಿಗೆ, ನಾಲ್ಕು ಜನಕ್ಕೆ ಎರಡೆರಡು ಅಂದರೆ ಎಂಟು ಸಫಾರಿ ಸೀಟು ಕೂಡಿಸಿ. ಕೂಡಿಸಿದ ಮೇಲೆ ಅಂತರ ಎಷ್ಟೋ ಕಡಿಮೆಯಾಗುತ್ತದೆ, ಕೆಲವೊಮ್ಮೆ ತಿರುಗಿಬೀಳುತ್ತದೆ.

ಬೆಲೆಗಿಂತ ದೊಡ್ಡ ತೊಡಕು ಬೇರೆ ಇದೆ. ಕಾಡಿನೊಳಗೆ ಒಂದು ಹೊತ್ತಿಗೆ ಇಷ್ಟೇ ವಾಹನ ಹೋಗಬೇಕು ಎಂಬ ಮಿತಿ ಇದೆ. ಖಾಸಗಿ ರೆಸಾರ್ಟಿನವರು ತಮ್ಮದೇ ಜೀಪನ್ನು ಒಳಗೆ ಓಡಿಸುವಂತಿಲ್ಲ. ಕಬಿನಿ, ಬಂಡೀಪುರದಂಥ ಕಡೆ ಅವರೂ ಜೆಎಲ್ಆರ್ ಅಥವಾ ಅರಣ್ಯ ಇಲಾಖೆಯ ವಾಹನದಲ್ಲೇ ಸೀಟು ಹಿಡಿಯಬೇಕು. ಹಾಗಾಗಿ ಕೋಣೆ ಕನ್ಫರ್ಮ್ ಆಗಿ ಸಫಾರಿ ಸಿಗದೆ, ಎರಡು ದಿನ ಹುಲ್ಲುಹಾಸಿನ ಮೇಲೆ ಕೂತು ವಾಪಸಾಗುವ ಕುಟುಂಬಗಳು ಪ್ರತಿ ಉದ್ದ ವಾರಾಂತ್ಯದಲ್ಲೂ ಕಾಣಸಿಗುತ್ತವೆ. ಫೋನಿನಲ್ಲಿ "ಸಫಾರಿ ಇದೆಯಾ?" ಎಂದು ಕೇಳಿದರೆ "ಇದೆ ಸರ್, ಇಲ್ಲಿಂದ ಹತ್ತೇ ನಿಮಿಷ" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. ಹೀಗೆ ಕೇಳಿ: "ನಮ್ಮ ಹೆಸರಿನಲ್ಲಿ ಶನಿವಾರ ಸಂಜೆಗೆ ಎಷ್ಟು ಸೀಟು, ಭಾನುವಾರ ಬೆಳಿಗ್ಗೆಗೆ ಎಷ್ಟು ಸೀಟು ಬುಕ್ ಆಗಿದೆ? ಜೀಪಾ, ಬಸ್ಸಾ, ದೋಣಿಯಾ? ಮೆಸೇಜ್‌ನಲ್ಲಿ ಹಾಕಿ." ಇಷ್ಟಕ್ಕೆ ತಡವರಿಸಿದರೆ ಆ ಜಾಗ ಬೇಡ.

ಅರಣ್ಯ ಇಲಾಖೆಯ ಕಾಟೇಜು ಅಗ್ಗ, ಜಾಗವೂ ಕಾಡಿಗೆ ತೀರಾ ಹತ್ತಿರ. ಬಂಡೀಪುರದ ಅತಿಥಿಗೃಹಗಳ ಅಂಗಳದಲ್ಲಿ ಜಿಂಕೆಗಳು ಮೇಯುವುದು ದಿನನಿತ್ಯದ ನೋಟ. ಆದರೆ ಊಟ, ಬಿಸಿನೀರು, ವಿದ್ಯುತ್ ಯಾವುದನ್ನೂ ಹೋಟೆಲಿನ ಮಟ್ಟದಲ್ಲಿ ನಿರೀಕ್ಷಿಸಬೇಡಿ. ಸಫಾರಿ ಟಿಕೆಟ್ ಬೇರೆಯೇ ತೆಗೆಯಬೇಕು. ಗಣ್ಯರು ಬಂದರೆ ಕೋಣೆ ಕೈತಪ್ಪುವ ಸಂಭವವೂ ಇದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಕಬಿನಿ ಮತ್ತು ಬಂಡೀಪುರ

ಬೆಂಗಳೂರಿನವರ ನಿಜವಾದ ಗೊಂದಲ ಇವೆರಡರ ನಡುವೆ. ಎರಡೂ ಸುಮಾರು 220 ಕಿಲೋಮೀಟರ್, ಎರಡಕ್ಕೂ ಮೈಸೂರು ದಾಟಿ ಹೋಗಬೇಕು. 2022ರ ಗಣತಿಯ ಪ್ರಕಾರ ಬಂಡೀಪುರದಲ್ಲಿ 150 ಹುಲಿ, ನಾಗರಹೊಳೆಯಲ್ಲಿ 141. ಕಬಿನಿ ಎಂದು ನಾವು ಕರೆಯುವುದು ನಾಗರಹೊಳೆಯ ದಕ್ಷಿಣ ಅಂಚನ್ನು. ನಡುವೆ ಇರುವುದು 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು. ಅದರ ಆಚೆ ಬಂಡೀಪುರ, ಈಚೆ ನಾಗರಹೊಳೆ. ಆನೆ, ಹುಲಿಗಳಿಗೆ ಈ ಗಡಿಯ ಲೆಕ್ಕವಿಲ್ಲ.

ಹಿನ್ನೀರೇ ಕಬಿನಿಯ ಬಂಡವಾಳ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಹೋದಂತೆ ದಡದ ತೇವ ಮಣ್ಣಿನಲ್ಲಿ ಹೊಸ ಹುಲ್ಲು ಹುಟ್ಟುತ್ತದೆ. ಸುತ್ತಲ ಕಾಡಿನ ಕೆರೆಗಳು ಅಷ್ಟರಲ್ಲಿ ಬತ್ತಿರುತ್ತವೆ, ಮೇವು ಒಣಗಿರುತ್ತದೆ. ಬಂಡೀಪುರ, ನಾಗರಹೊಳೆ, ವಯನಾಡಿನ ಕಡೆಯ ಆನೆಗಳೆಲ್ಲ ಇಲ್ಲಿಗೆ ಇಳಿಯುತ್ತವೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ, ಮೊದಲ ಜೋರು ಮಳೆ ಬೀಳುವ ತನಕ, ಸಂಜೆ ಹೊತ್ತು ಬಯಲಿನಲ್ಲಿ ಹಿಂಡು ಹಿಂಡಾಗಿ ಆನೆ, ಕಾಟಿ (ಕಾಡುಕೋಣ), ಜಿಂಕೆ ಒಟ್ಟಿಗೆ ಮೇಯುವುದನ್ನು ನೋಡಬಹುದು. ಕಾಡಾನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಯಲಿಗೆ ಬಂದು ಸೇರುವ ನೋಟ ಏಷ್ಯಾದಲ್ಲೇ ಅಪರೂಪ. ಈ ಮೂರು ತಿಂಗಳು ಕಬಿನಿಗೆ ಎದುರಾಳಿ ಇಲ್ಲ. ಸೆಖೆ ಇರುತ್ತದೆ, ಧೂಳಿರುತ್ತದೆ, ಸಹಿಸಿಕೊಳ್ಳಿ.

ಆದರೆ ಅದೇ ಕಬಿನಿಗೆ ಆಗಸ್ಟ್‌ನಲ್ಲಿ ಹೋದರೆ ಚಿತ್ರವೇ ಬೇರೆ. ವಯನಾಡಿನ ಮಳೆಗೆ ಜಲಾಶಯ ತುಂಬಿ ಬಯಲು ಮುಳುಗಿರುತ್ತದೆ. ಕಾಡಿನೊಳಗೆ ಎಲ್ಲ ಕಡೆ ನೀರು, ಎಲ್ಲ ಕಡೆ ಮೇವು. ಪ್ರಾಣಿಗಳು ದಡಕ್ಕೆ ಬರಲು ಕಾರಣವೇ ಇಲ್ಲ. ಆಗ ದೋಣಿ ಸಫಾರಿ ಎಂದರೆ ನೀರುಕಾಗೆ, ಒಣಮರದ ಮೇಲಿನ ಮೀನುಗಿಡುಗ, ಅದೃಷ್ಟವಿದ್ದರೆ ಒಂದು ಮೊಸಳೆ. ಹಕ್ಕಿಪ್ರಿಯರಿಗೆ ಸಾಕು, ಮಕ್ಕಳಿಗೆ ಸಾಲದು. ಎರಡು ಸಫಾರಿಯಲ್ಲಿ ಒಂದನ್ನು ದೋಣಿಗೆ, ಇನ್ನೊಂದನ್ನು ಜೀಪಿಗೆ ಹಾಕುವುದು ವಾಡಿಕೆ. ಬೇಸಿಗೆಯಲ್ಲಿ ದೋಣಿ ಸಿಕ್ಕರೆ ಬೇಸರ ಬೇಡ, ದಡಕ್ಕೆ ಬಂದ ಆನೆ ಹಿಂಡನ್ನು ಎಂಜಿನ್ ನಿಲ್ಲಿಸಿ ನೀರಿನ ಮೇಲಿಂದ ನೋಡುವ ಸುಖ ಜೀಪಿನಲ್ಲಿ ಇಲ್ಲ. ಮಳೆಗಾಲದಲ್ಲಿ ಮಾತ್ರ ಎರಡೂ ಜೀಪೇ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಇಲ್ಲಿ ಸಫಾರಿ ದಾರಿಯನ್ನು ಎ ಮತ್ತು ಬಿ ಎಂದು ಎರಡು ವಲಯ ಮಾಡಿದ್ದಾರೆ. ನಿಮ್ಮ ಜೀಪಿಗೆ ಯಾವುದು ಎಂದು ಅಲ್ಲೇ ಹಂಚುತ್ತಾರೆ, ಪ್ರವಾಸಿಗೆ ಆರಿಸುವ ಹಕ್ಕಿಲ್ಲ. "ನಿನ್ನೆ ಬಿ ವಲಯದಲ್ಲಿ ಹುಲಿ ಕಂಡಿತ್ತಂತೆ, ನಮಗೂ ಅದೇ ಕೊಡಿ" ಎಂದು ಕೌಂಟರಿನಲ್ಲಿ ಜಗಳ ಆಡಿ ಪ್ರಯೋಜನವಿಲ್ಲ. ಸಂಜೆ ಒಂದು ವಲಯ ಆದರೆ ಬೆಳಿಗ್ಗೆ ಇನ್ನೊಂದು ಸಿಗುವ ಸಾಧ್ಯತೆ ಹೆಚ್ಚು.

ಕಬಿನಿಯಲ್ಲಿ ರೆಸಾರ್ಟ್ ಆರಿಸುವಾಗ ಅದು ಹಿನ್ನೀರಿನ ಯಾವ ದಡದಲ್ಲಿದೆ ಎಂದು ನೋಡಿ. ಕಾರಾಪುರದ ಕಡೆ ಇದ್ದರೆ ದಮ್ಮನಕಟ್ಟೆಯ ಗೇಟು ಹತ್ತಿರ. ಎದುರು ದಡದಲ್ಲಿದ್ದರೆ ನಕ್ಷೆಯಲ್ಲಿ ಗೇಟು ಕೂಗಳತೆ ದೂರ ಕಂಡರೂ ರಸ್ತೆಯಲ್ಲಿ ನೀರನ್ನು ಸುತ್ತಿಕೊಂಡು ಬರಬೇಕು. ಬೆಳಿಗ್ಗೆ ಐದೂವರೆಗೆ ಹೊರಡಬೇಕೋ ನಾಲ್ಕೂವರೆಗೋ ಎಂಬುದು ಇದರ ಮೇಲೆ ನಿಂತಿದೆ.

ಬಂಡೀಪುರ ಬೇರೆಯದೇ ಸ್ವಭಾವದ ಕಾಡು. ಮಳೆನೆರಳಿನ ಪ್ರದೇಶವಾದ್ದರಿಂದ ನಾಗರಹೊಳೆಗಿಂತ ಒಣಗು, ಮರಗಳು ಗಿಡ್ಡ, ನಡುನಡುವೆ ಬಯಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬಿನಿ ಕಳೆಗುಂದಿದಾಗ ಇಲ್ಲಿ ಹಸಿರು ಹುಲ್ಲು, ಹದವಾದ ಬೆಳಕು, ಧೂಳಿಲ್ಲದ ಗಾಳಿ. ಸೀಳುನಾಯಿ ಹಿಂಡು ನೋಡಬೇಕೆಂಬ ಆಸೆ ಇರುವವರಿಗೆ ನಮ್ಮ ಸಲಹೆ ಬಂಡೀಪುರವೇ. ದೊಡ್ಡ ಜಿಂಕೆ ಹಿಂಡುಗಳಿರುವ ಕಡೆ ಅವೂ ಇರುತ್ತವೆ, ಹಗಲಿನಲ್ಲೇ ಬೇಟೆಯಾಡುತ್ತವೆ, ಆದ್ದರಿಂದ ಕಾಣುವ ಸಂಭವವೂ ಹೆಚ್ಚು. ಲಂಟಾನಾ ಪೊದೆ ಮಾತ್ರ ಇಲ್ಲಿನ ದೊಡ್ಡ ಶಾಪ. ಮಳೆ ಮುಗಿದ ಅಕ್ಟೋಬರ್, ನವೆಂಬರ್‌ನಲ್ಲಿ ಅದು ದಾರಿಯ ಎರಡೂ ಬದಿಗೆ ಗೋಡೆ ಕಟ್ಟಿದಂತೆ ಬೆಳೆದು, ಐದು ಅಡಿ ಆಚೆ ನಿಂತ ಆನೆಯನ್ನೂ ಮರೆ ಮಾಡುತ್ತದೆ. ಜನವರಿ ಕೊನೆಗೆ ಎಲೆ ಉದುರಿದ ಮೇಲೆ ನೋಟ ತೆರೆದುಕೊಳ್ಳುತ್ತದೆ. ಫೆಬ್ರವರಿ, ಮಾರ್ಚ್ ಇಲ್ಲಿ ಬೆಂಕಿಯ ಕಾಲ. 2019ರ ಫೆಬ್ರವರಿಯಂಥ ದೊಡ್ಡ ಬೆಂಕಿ ಬಿದ್ದರೆ ಸಫಾರಿ ನಿಲ್ಲುತ್ತದೆ.

ರಸ್ತೆಯ ವಿಷಯದಲ್ಲಿ ಬಂಡೀಪುರ ಸಲೀಸು. ಮೈಸೂರು, ನಂಜನಗೂಡು, ಗುಂಡ್ಲುಪೇಟೆ, ಅಲ್ಲಿಂದ ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ. ಸಫಾರಿ ಕೌಂಟರೂ ಜೆಎಲ್ಆರ್ ಲಾಡ್ಜೂ ಅಲ್ಲೇ ಇವೆ. ಸ್ವಂತ ಕಾರಿಲ್ಲದವರು ಊಟಿ ಬಸ್ ಹತ್ತಿ ಇಳಿದುಕೊಳ್ಳಬಹುದು. ಕಬಿನಿಗೆ ಈ ಅನುಕೂಲ ಕಡಿಮೆ. ಎಚ್.ಡಿ. ಕೋಟೆ ದಾಟಿ ಅಂತರಸಂತೆ, ಕಾರಾಪುರದ ಕಡೆಗೆ ಹೋಗುವಾಗ ಕಾರಿದ್ದರೇ ನೆಮ್ಮದಿ, ಪೆಟ್ರೋಲನ್ನು ಕೋಟೆಯಲ್ಲೇ ತುಂಬಿಸಿಕೊಳ್ಳಿ. ಬಂಡೀಪುರದೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ಬಂದ್. ಗುಂಡ್ಲುಪೇಟೆ ಕಡೆಯಿಂದ ಮೇಲುಕಾಮನಹಳ್ಳಿಗೆ ಬರುವವರಿಗೆ ಇದು ತಟ್ಟುವುದು ಕಡಿಮೆ. ಮುದುಮಲೆ, ಗೂಡಲೂರು ಕಡೆಯಿಂದ ವಾಪಸಾಗುವವರು ಮಾತ್ರ ಗಡಿಯಾರ ನೋಡಿಕೊಂಡೇ ಬರಬೇಕು. ಮರುದಿನ ಹಾಗೇ ಊಟಿಗೆ ಹೋಗಿಬರೋಣ ಎಂಬ ಯೋಚನೆ ಇದ್ದರೆ, 2024ರ ಮೇ ತಿಂಗಳಿಂದ ಅಲ್ಲಿಗೆ ಇ-ಪಾಸ್ ಬೇಕು ಎಂಬುದು ನೆನಪಿರಲಿ.

ಹಾಗಾದರೆ ತೀರ್ಮಾನ? ಮಾರ್ಚ್‌ನಿಂದ ಮೇ ತನಕ ಕಬಿನಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಂಡೀಪುರ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಎರಡೂ ಚೆನ್ನ, ಯಾವುದರಲ್ಲಿ ವಾರದ ದಿನ ಜೀಪಿನ ಸೀಟು ಸಿಗುತ್ತದೋ ಅದು. ಚಿರತೆಗೆ ಕಬಿನಿ, ಸೀಳುನಾಯಿಗೆ ಬಂಡೀಪುರ. ಹುಲಿಗೆ? ಯಾರೂ ಗ್ಯಾರಂಟಿ ಕೊಡಲಾರರು. ಕೊಡುವವರಿದ್ದರೆ ಅವರಿಂದ ದೂರವಿರಿ.

ಇವೆರಡೂ ಕಡೆಗೆ ಅನ್ವಯಿಸುವ ಒಂದು ಎಚ್ಚರಿಕೆ. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಸರ್ಕಾರ ಬಂಡೀಪುರ ಮತ್ತು ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿತು. ಇಂಥ ಆದೇಶ ರಾತ್ರೋರಾತ್ರಿ ಬರುತ್ತದೆ. ಬುಕ್ ಮಾಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಸಫಾರಿ ರದ್ದಾದರೆ ಕೋಣೆಯ ಹಣ ವಾಪಸ್ ಬರುತ್ತದೆಯೇ ಎಂದೂ ಕೇಳಿಟ್ಟುಕೊಳ್ಳಿ.

ನಾಗರಹೊಳೆಗೇ ಹೋಗಬೇಕು, ಆದರೆ ಕಬಿನಿಯ ದರ ಬೇಡ ಎನ್ನುವವರಿಗೆ ಹುಣಸೂರು ಕಡೆಯ ವೀರನಹೊಸಹಳ್ಳಿ, ಕುಟ್ಟದ ಕಡೆಯ ನಾಣಚ್ಚಿ ಗೇಟುಗಳಿವೆ. ಅಲ್ಲಿ ಹಿನ್ನೀರಿಲ್ಲ, ದೊಡ್ಡ ರೆಸಾರ್ಟುಗಳ ಗದ್ದಲವೂ ಕಡಿಮೆ. ಕಾಡು ದಟ್ಟ, ನಡುವೆ ಹಡ್ಲುಗಳು, ಅಂದರೆ ಜೌಗಿನ ಹುಲ್ಲುಬಯಲುಗಳು. ಹಡ್ಲಿನ ಅಂಚಿನಲ್ಲಿ ಮುಂಜಾನೆ ಕಾಟಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಹೇಳುವುದು ಕಷ್ಟ.

ಬಿಳಿಗಿರಿರಂಗನ ಬೆಟ್ಟ

ಕನಕಪುರ ರಸ್ತೆ ಹಿಡಿದು ಮಳವಳ್ಳಿ, ಕೊಳ್ಳೇಗಾಲ, ಯಳಂದೂರು. ಮೈಸೂರು ಹೆದ್ದಾರಿಯ ಗೊಡವೆಯೇ ಇಲ್ಲ. ದಕ್ಷಿಣ ಬೆಂಗಳೂರಿನವರಿಗೆ ಇದೇ ದೊಡ್ಡ ಲಾಭ. ಬೆಟ್ಟ ಹತ್ತಿ ಕಾಡಿನ ನಡುವಿನ ಕ್ಯಾತದೇವರಗುಡಿ, ಅಂದರೆ ಎಲ್ಲರ ಬಾಯಲ್ಲಿ ಕೆ. ಗುಡಿ, ತಲುಪಿದರೆ ಅಲ್ಲಿ ಜೆಎಲ್ಆರ್ ಕ್ಯಾಂಪ್ ಇದೆ. ಚಾಮರಾಜನಗರದ ಕಡೆಯಿಂದಲೂ ದಾರಿ ಇದೆ. ಎರಡೂ ಕಡೆ ಚೆಕ್‌ಪೋಸ್ಟ್ ಇದ್ದು ಕತ್ತಲಾದ ಮೇಲೆ ಬಿಡುವುದಿಲ್ಲ.

ಪ್ರಾಣಿಗಳ ಪಟ್ಟಿ ಹಿಡಿದು ಟಿಕ್ ಹಾಕಲು ಹೊರಟವರಿಗೆ ಇದು ಸರಿಯಾದ ಜಾಗವಲ್ಲ. ಕಾಡು 600 ಮೀಟರಿನಿಂದ 1,800 ಮೀಟರ್ ಎತ್ತರದವರೆಗೆ ಹರಡಿದೆ. ಕೆಳಗೆ ಕುರುಚಲು, ನಡುವೆ ಎಲೆ ಉದುರುವ ಕಾಡು, ಮೇಲೆ ಶೋಲಾ ಎಂಬ ಬೆಟ್ಟದ ನಿತ್ಯಹರಿದ್ವರ್ಣ ಕಾಡು ಮತ್ತು ಹುಲ್ಲುಗಾವಲು. ಏರಿಳಿತ ಹೆಚ್ಚಾದ್ದರಿಂದ, ಲಂಟಾನಾ ಇಲ್ಲಿ ಇನ್ನೂ ದಟ್ಟವಾದ್ದರಿಂದ ಪ್ರಾಣಿ ಕಾಣುವುದು ಕಬಿನಿಗಿಂತ ಕಡಿಮೆ. ಅದರ ಬದಲಿಗೆ ಸಿಗುವುದು ಏಕಾಂತ. ಒಂದು ಹುಲಿಯ ಸುತ್ತ ಹತ್ತು ಜೀಪು ನಿಲ್ಲುವ ದೃಶ್ಯ ಇಲ್ಲಿಲ್ಲ. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಶನಿವಾರ ಸಂಜೆಯೂ ಆಫೀಸಿನ ಕಾಲ್ ತೆಗೆದುಕೊಳ್ಳಲೇಬೇಕಾದವರು ಇಲ್ಲಿಗೆ ಬರಬೇಡಿ, ಬೇಡವೆನ್ನುವವರು ಇಲ್ಲಿಗೇ ಬನ್ನಿ. ಡಿಸೆಂಬರ್, ಜನವರಿಯ ಬೆಳಗಿನ ಜೀಪಿನಲ್ಲಿ ಚಳಿ ಕೊರೆಯುತ್ತದೆ, ಸ್ವೆಟರ್ ಜೊತೆಗೆ ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ಇದು ಸೋಲಿಗ ಬುಡಕಟ್ಟಿನವರ ನೆಲ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಗೈಡ್ ಸೋಲಿಗರಾಗಿದ್ದರೆ ಹುಲಿಯ ಬಗ್ಗೆ ಮಾತ್ರ ಕೇಳದೆ ಮರಗಳ ಬಗ್ಗೆ, ಜೇನಿನ ಬಗ್ಗೆ ಕೇಳಿ. ಮೂರು ಗಂಟೆಯ ಸಫಾರಿ ಖಾಲಿ ಹೋಗಲು ಬಿಡುವುದಿಲ್ಲ.

ಭದ್ರಾ: ದೂರ ಹೆಚ್ಚು, ಜನ ಕಡಿಮೆ

ತುಮಕೂರು, ಅರಸೀಕೆರೆ, ಕಡೂರು, ತರೀಕೆರೆ ದಾಟಿ ಲಕ್ಕವಳ್ಳಿಗೆ ಸುಮಾರು 280 ಕಿಲೋಮೀಟರ್. ಒಂದೇ ರಾತ್ರಿಗೆ ಇದು ಉದ್ದದ ಪ್ರಯಾಣ. ಶಿವಮೊಗ್ಗದ ರೈಲಿನಲ್ಲಿ ತರೀಕೆರೆಗೆ ಬಂದು ಅಲ್ಲಿಂದ ಟ್ಯಾಕ್ಸಿ ಹಿಡಿದರೆ ಮೈಕೈ ನೋವು ತಪ್ಪುತ್ತದೆ. ಜಲಾಶಯದ ಅಂಚಿನ ಗುಡ್ಡದ ಮೇಲೆ ಜೆಎಲ್ಆರ್‌ನ ರಿವರ್ ಟರ್ನ್ ಲಾಡ್ಜ್ ಇದೆ. ರಿವರ್ ಟರ್ನ್ ಎಂಬುದು ನೀರಿನ ಬಳಿ ಬಾಳುವ ಒಂದು ಹಕ್ಕಿ, ಲಾಡ್ಜಿಗೆ ಅದರ ಹೆಸರಿಟ್ಟದ್ದು ಬರಿಯ ಅಲಂಕಾರಕ್ಕಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಜಲಾಶಯದ ನಡುವೆ ತಲೆಯೆತ್ತುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್‌ಗಳು ನೆಲದಲ್ಲೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಫೆಬ್ರವರಿಯಿಂದ ಮೇ ಒಳಗೆ ದೋಣಿಯಲ್ಲಿ ಹೋದರೆ ಸಾವಿರಾರು ಹಕ್ಕಿಗಳ ಗದ್ದಲ ಕಿವಿ ತುಂಬುತ್ತದೆ. ಛಾಯಾಗ್ರಾಹಕರಿಗೆ ಇದೊಂದೇ ಸಾಕು. ಜೂನ್ ನಂತರ ನಡುಗಡ್ಡೆ ಮುಳುಗುತ್ತದೆ, ಹಕ್ಕಿಗಳೂ ಹೊರಡುತ್ತವೆ, ಮಲೆನಾಡ ಮಳೆಯಲ್ಲಿ ದೋಣಿ ನಿಲ್ಲುವ ದಿನಗಳೂ ಬರುತ್ತವೆ.

ಭದ್ರಾದ ಕಾಡಿನೊಳಗಿದ್ದ ಹಳ್ಳಿಗಳನ್ನು 2000ದ ಆಸುಪಾಸಿನಲ್ಲಿ ಹೊರಗೆ ಸ್ಥಳಾಂತರಿಸಲಾಯಿತು. ದೇಶದಲ್ಲೇ ಯಶಸ್ವಿ ಎನ್ನಿಸಿಕೊಂಡ ಪುನರ್ವಸತಿ ಅದು. ಹಳೆಯ ಗದ್ದೆಗಳು ಈಗ ಹುಲ್ಲುಗಾವಲಾಗಿ ಕಾಟಿ, ಜಿಂಕೆಗಳಿಗೆ ಮೇವಾಗಿವೆ. ಆದರೂ ಇಲ್ಲಿನ ಪ್ರಾಣಿಗಳು ಜೀಪಿಗೆ ಕಬಿನಿಯವಷ್ಟು ಒಗ್ಗಿಲ್ಲ, ಕಂಡ ಕೂಡಲೇ ಮರೆಯಾಗುತ್ತವೆ. ಮಳೆಗಾಲದಲ್ಲಿ ಇಂಬಳದ ಕಾಟ. ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣೆ ಹುಳುವಿನಿಂದ ಹರಡುವ ಮಂಗನ ಕಾಯಿಲೆ ಮಲೆನಾಡಿನ ಕೆಲವು ಕಡೆ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ತರಗೆಲೆಯ ಮೇಲೆ ಕೂರುವುದು, ಬರಿಗಾಲಲ್ಲಿ ಓಡಾಡುವುದು ಬೇಡ. ವಾಪಸ್ ಬಂದ ಮೇಲೆ ಸ್ನಾನದ ಹೊತ್ತಿನಲ್ಲಿ ಮೊಣಕಾಲ ಹಿಂಭಾಗ, ಸೊಂಟ, ಕಂಕುಳು ನೋಡಿಕೊಳ್ಳಿ.

ಬೇರೆ ಮೂರು

ದರೋಜಿ ಕರಡಿಧಾಮ ಹಂಪಿಯ ಮಗ್ಗುಲಲ್ಲೇ ಇದೆ, 1994ರಲ್ಲಿ ಆದದ್ದು. ಬಂಡೆಗಳ ಮೇಲೆ ಬೆಲ್ಲ ಬೆರೆಸಿದ ತಿನಿಸು ಬಳಿದಿಡುತ್ತಾರೆ, ಮಧ್ಯಾಹ್ನದ ನಂತರ ಕರಡಿಗಳು ಗುಹೆಯಿಂದ ಇಳಿದು ಬಂದು ನೆಕ್ಕುತ್ತವೆ. ವೀಕ್ಷಣಾ ಗೋಪುರದಿಂದ ನೋಡುವುದು, ಜೀಪಿನಲ್ಲಿ ಹುಡುಕುವ ಕೆಲಸವಿಲ್ಲ. ಕಾಡು ಕರಡಿ ಕಾಣುವ ಭರವಸೆ ಇಷ್ಟು ಬೇರೆಲ್ಲೂ ಇಲ್ಲ. ಆದರೆ ದೂರದಿಂದ ನೋಡಬೇಕು, ಬೈನಾಕ್ಯುಲರ್ ಇಲ್ಲದೆ ಹೋದರೆ ಕಪ್ಪು ಚುಕ್ಕೆ ನೋಡಿ ಬಂದಂತೆ. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಹಂಪಿಗೆ ಒಂದು ದಿನ, ಕರಡಿಗೆ ಒಂದು ಸಂಜೆ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಏಪ್ರಿಲ್‌ನಲ್ಲಿ ಬಂಡೆ ಕಾದು ಕೆಂಡವಾಗಿರುತ್ತದೆ.

ಭೀಮೇಶ್ವರಿ, ಗಾಳಿಬೋರೆ ಕಾವೇರಿ ವನ್ಯಜೀವಿಧಾಮದ ನದಿದಡದ ಕ್ಯಾಂಪುಗಳು. ಸುಮಾರು 100 ಕಿಲೋಮೀಟರ್, ಶನಿವಾರ ಬೆಳಿಗ್ಗೆ ತಿಂಡಿ ತಿಂದು ಹೊರಟರೂ ನಡೆಯುತ್ತದೆ. ಹುಲಿ ಹುಡುಕಿಕೊಂಡು ಇಲ್ಲಿಗೆ ಬರಬೇಡಿ. ಮೊಸಳೆ, ನೀರುನಾಯಿ, ಮೀನು ಹಿಡಿಯುವ ಗಿಡುಗಗಳು, ಹೊಳೆಮತ್ತಿ ಮರಗಳ ಮೇಲೆ ಬೂದುಬಣ್ಣದ ದೊಡ್ಡ ಅಳಿಲು, ಹರಿಗೋಲಿನ ಸವಾರಿ, ಇಷ್ಟಕ್ಕೆ ತೃಪ್ತಿಯಿದ್ದರೆ ಸೊಗಸಾದ ಜಾಗ. ನದಿ ನೋಡಲು ಶಾಂತ, ಒಳಗೆ ಸುಳಿ. ಸಿಬ್ಬಂದಿ ತೋರಿಸಿದ ಜಾಗ ಬಿಟ್ಟು ಬೇರೆಡೆ ನೀರಿಗಿಳಿಯಬಾರದು.

ಬನ್ನೇರುಘಟ್ಟದಲ್ಲಿ ಸಿಂಹ, ಹುಲಿ, ಕರಡಿ ಕಾಣುವುದು ಬೇಲಿ ಹಾಕಿದ ಆವರಣದಲ್ಲಿ. ಅದರಲ್ಲಿ ಮುಚ್ಚುಮರೆ ಏನಿಲ್ಲ, ಅಲ್ಲಿನ ಪ್ರಾಣಿಗಳಲ್ಲಿ ಹಲವು ರಕ್ಷಿಸಿ ತಂದವು. ಕಾಡು ನೋಡಬೇಕೆನ್ನುವವರಿಗೆ ಇದು ಸಾಲದು. ನಾಲ್ಕೈದು ವರ್ಷದ ಮಗು, ಮಂಡಿನೋವಿನ ಅಜ್ಜಿ ಇಬ್ಬರೂ ಜೊತೆಗಿದ್ದರೆ ಮಾತ್ರ ಇದೇ ಸರಿ: ಪ್ರಾಣಿ ಕಾಣುವುದು ಖಚಿತ, ಸವಾರಿ ಚಿಕ್ಕದು, ಶೌಚಾಲಯ ಹತ್ತಿರ, ಏನಾದರೂ ಆದರೆ ದೊಡ್ಡ ಆಸ್ಪತ್ರೆಗಳು ಅದೇ ರಸ್ತೆಯಲ್ಲಿ. ಉಳಿಯಲು ಜೆಎಲ್ಆರ್ ಕ್ಯಾಂಪ್ ಇದೆ. ಮಂಗಳವಾರ ಉದ್ಯಾನಕ್ಕೆ ರಜೆ, ಆದ್ದರಿಂದ ಸೋಮವಾರ ರಾತ್ರಿ ಉಳಿಯುವ ಯೋಜನೆ ಬೇಡ.

ಜೀಪೋ ಬಸ್ಸೋ

ಅರಣ್ಯ ಇಲಾಖೆಯ ಬಸ್ ಅಗ್ಗ, ಸಮಯವೂ ಕಡಿಮೆ. ಕಿಟಕಿಗೆ ಜಾಲರಿ ಇರುತ್ತದೆ, ಎಂಜಿನ್ ಸದ್ದು ದೊಡ್ಡದು, ಇಪ್ಪತ್ತು ಮಂದಿಯಲ್ಲಿ ಒಬ್ಬರಾದರೂ ಕೂಗುತ್ತಾರೆ. ತೆರೆದ ಜೀಪಿನಲ್ಲಿ ಜನ ಕಡಿಮೆ, ತಿರುವುಗಳಲ್ಲಿ ನಿಲ್ಲಿಸುವುದು ಸುಲಭ, ಕಿವಿಗೆ ಕಾಡು ಕೇಳಿಸುತ್ತದೆ. ಕೊನೆಯದೇ ಮುಖ್ಯ ವ್ಯತ್ಯಾಸ. ಹುಲಿ, ಚಿರತೆಗಳನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಹುಡುಕುತ್ತಾರೆ. ಜಿಂಕೆಯ ಚೂಪು ಸೀಟಿ, ಮುಸುವದ ಒರಟು ಕೆಮ್ಮು, ಎಲ್ಲಕ್ಕಿಂತ ನಂಬಬಹುದಾದ ಕಡವೆಯ ಗಡಸು ಕೂಗು. ಜಿಂಕೆ ಸುಳ್ಳೇ ಹೆದರಿ ಒಂದೆರಡು ಸಲ ಕೂಗಿ ಸುಮ್ಮನಾಗುವುದುಂಟು. ಕಡವೆ ಬಿಟ್ಟೂ ಬಿಡದೆ ಕೂಗುತ್ತಿದ್ದರೆ ಹತ್ತಿರದಲ್ಲಿ ಏನೋ ನಡೆಯುತ್ತಿದೆ. ಆಗ ಒಳ್ಳೆಯ ಡ್ರೈವರ್ ಎಂಜಿನ್ ಆರಿಸಿ ಹತ್ತು ನಿಮಿಷ ಕಾಯುತ್ತಾರೆ. "ಏನೂ ಇಲ್ಲ, ಮುಂದೆ ಹೋಗೋಣ" ಎಂದು ಹಿಂದಿನ ಸೀಟಿನಿಂದ ಒತ್ತಾಯ ಬಂದಾಗಲೇ ಬಹುಪಾಲು ಹುಲಿಗಳು ಕೈತಪ್ಪುವುದು.

ಜೀಪಿನ ಕೊನೆಯ ಸಾಲು ಎತ್ತರವಿರುವುದರಿಂದ ನೋಟ ಚೆನ್ನ, ಆದರೆ ಕುಲುಕಾಟ ಜಾಸ್ತಿ. ಬೆನ್ನುನೋವಿನವರು ನಡುವಿನ ಸಾಲು ಕೇಳಿ. ಗರ್ಭಿಣಿಯರಿಗೆ ಜೀಪ್ ಸಫಾರಿ ಬೇಡ, ದೋಣಿ ಇರುವ ಕಡೆ ದೋಣಿ ಸಾಕು. ಎರಡೂವರೆ, ಮೂರು ಗಂಟೆ ಕೆಳಗಿಳಿಯುವಂತಿಲ್ಲ. ಹೊರಡುವ ಮುನ್ನ ಎರಡು ಲೋಟ ಟೀ ಕುಡಿದವರ ಪಾಡು ಹೇಳತೀರದು.

ಒಂದು ರಾತ್ರಿ ಎಂದರೆ ಎರಡು ಸಫಾರಿ, ಎರಡು ರಾತ್ರಿ ಎಂದರೆ ನಾಲ್ಕು. ಎರಡು ಕಾಡಿನಲ್ಲಿ ಒಂದೊಂದು ರಾತ್ರಿ ಉಳಿಯುವುದಕ್ಕಿಂತ ಒಂದೇ ಕಾಡಿನಲ್ಲಿ ಎರಡು ರಾತ್ರಿ ಉಳಿಯುವುದು ಲೇಸು. ಸಂಜೆ ಹುಲಿಯ ಹೆಜ್ಜೆ ಕಂಡ ಜಾಗಕ್ಕೆ ಬೆಳಿಗ್ಗೆ ಮತ್ತೆ ಹೋಗಿ ನೋಡಬಹುದು. ರಜೆ ಹಾಕಲು ಸಾಧ್ಯವಿದ್ದರೆ ಭಾನುವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಿಗ್ಗೆವರೆಗೆ ಬುಕ್ ಮಾಡಿ. ಗೇಟಿನಲ್ಲಿ ಜನವೂ ಕಡಿಮೆ, ಕೋಣೆಯೂ ಸುಲಭವಾಗಿ ಸಿಗುತ್ತದೆ.

ಹೊರಡುವ ದಿನ

ಸಂಜೆ ಸಫಾರಿಯ ವಾಹನ ಮೂರೂವರೆ, ನಾಲ್ಕಕ್ಕೆ ಹೊರಡುತ್ತದೆ. ತಡವಾದರೆ ಕಾಯುವುದಿಲ್ಲ, ಹಣವೂ ವಾಪಸಿಲ್ಲ. ಕಬಿನಿಗೋ ಬಂಡೀಪುರಕ್ಕೋ ಹೋಗುವವರು ಬೆಳಿಗ್ಗೆ ಆರರೊಳಗೆ ಕೆಂಗೇರಿ ದಾಟಿರಬೇಕು. ಎಂಟಕ್ಕೆ ಹೊರಟರೆ ಲೆಕ್ಕದ ಪ್ರಕಾರ ತಲುಪಬಹುದು, ಆದರೆ ಶನಿವಾರ ಆ ಲೆಕ್ಕ ರಾಜರಾಜೇಶ್ವರಿನಗರದ ಹತ್ತಿರವೇ ತಪ್ಪುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕ್‌ಗಳಿಗೆ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲ, ಬೈಕಿನವರು ಸರ್ವಿಸ್ ರಸ್ತೆಯ ಸಮಯ ಕೂಡಿಸಿಕೊಳ್ಳಬೇಕು. ಕಾರಿನವರಿಗೆ ವೇಗದ ಮಿತಿ ಗಂಟೆಗೆ 100, ಕ್ಯಾಮೆರಾ ಇದೆ.

ಚೀಲದಲ್ಲಿ ಇರಬೇಕಾದ್ದು: ಬುಕ್ಕಿಂಗ್‌ನಲ್ಲಿ ಕೊಟ್ಟ ಅದೇ ಗುರುತಿನ ಚೀಟಿಯ ಮೂಲಪ್ರತಿ, ಮಣ್ಣು ಅಥವಾ ಎಲೆಬಣ್ಣದ ಬಟ್ಟೆ, ಧೂಳಿಗೆ ಒಂದು ಟವೆಲ್, ಟಾರ್ಚ್, ದಿನಾ ತೆಗೆದುಕೊಳ್ಳುವ ಮಾತ್ರೆ, ಜ್ವರ, ವಾಂತಿ, ಭೇದಿಯ ಮಾತ್ರೆ. ಹತ್ತಿರದ ಮೆಡಿಕಲ್ ಶಾಪ್ ಎಂದರೆ ಕೋಟೆ, ಗುಂಡ್ಲುಪೇಟೆ, ಯಳಂದೂರು. ಸೆಂಟ್ ಹಾಕಿಕೊಳ್ಳಬೇಡಿ. ಬೈನಾಕ್ಯುಲರ್ 8x42 ಸಾಕು, 10 ಪಟ್ಟಿಗಿಂತ ಹೆಚ್ಚು ಹಿಗ್ಗಿಸಿ ತೋರಿಸುವುದು ಜೀಪಿನಲ್ಲಿ ಕೈ ನಡುಕಕ್ಕೆ ಉಪಯೋಗಕ್ಕೆ ಬಾರದು. ಕ್ಯಾಮೆರಾಗೆ 100-400 ಲೆನ್ಸ್ ಎಲ್ಲ ಕಡೆಗೂ ಹೊಂದುತ್ತದೆ. ಟ್ರೈಪಾಡ್ ಮನೆಯಲ್ಲೇ ಬಿಡಿ, ಹಳೆಯ ದಿಂಬಿನ ಕವರಿನಲ್ಲಿ ಎರಡು ಕಿಲೋ ಅಕ್ಕಿ ತುಂಬಿ ಹೊಲಿದರೆ ಜೀಪಿನ ಕಂಬಿಯ ಮೇಲೆ ಲೆನ್ಸ್ ಇಡಲು ಒಳ್ಳೆಯ ಆಸರೆ. ಉದ್ದ ಲೆನ್ಸ್‌ಗೆ ಅದರ ಅಳತೆಯ ಪ್ರಕಾರ ಬೇರೆ ಶುಲ್ಕ ಇರುತ್ತದೆ, ಪ್ಯಾಕೇಜಿನಲ್ಲಿ ಅದು ಸೇರಿರುವುದಿಲ್ಲ. ಫೋನನ್ನು ಒಳಗೆ ಬಳಸಬಹುದೇ ಎಂಬುದನ್ನು ಗೇಟಿನಲ್ಲೇ ಕೇಳಿ.

ಗುರುವಾರ ಒಂದು ಫೋನ್ ಮಾಡಿ ಸಫಾರಿ ನಡೆಯುತ್ತಿದೆಯೇ, ದೋಣಿ ಓಡುತ್ತಿದೆಯೇ, ನಿಮ್ಮ ಸೀಟು ಯಾವ ವಾಹನದಲ್ಲಿ ಎಂದು ಕೇಳಿಕೊಳ್ಳಿ. ಶುಕ್ರವಾರ ರಾತ್ರಿ ಕೇಳಿದರೆ ಬದಲಿ ವ್ಯವಸ್ಥೆಗೆ ಸಮಯ ಉಳಿದಿರುವುದಿಲ್ಲ.